ಇಥಿಯೋಪಿಯಾದ ತಾಟಿನಲ್ಲಿ ಮೂಡಲಗಿಯ ಜೋಳ

ರೊಟ್ಟಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವುದು ಬೇಕಿಲ್ಲ. ಸೊಕ್ಕು ಅನ್ನುವವರು ಅನ್ನಲಿ. ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ರೊಟ್ಟಿ ಅಂಗಡಿಯಿದೆ. ಬೆಳಿಗ್ಗೆ ಆರಕ್ಕೆ ಒಲೆ ಹೊತ್ತಿತೆಂದರೆ ಮಧ್ಯಾಹ್ನದವರೆಗೂ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೆ ಕೇಳುತ್ತದೆ. ಮೂಡಲಗಿಯಲ್ಲಿ ಹುಟ್ಟಿದೆ, ಹುಕ್ಕೇರಿಗೆ ಸೊಸೆಯಾಗಿ ಹೋದೆ, ಗೋಕಾಕದಲ್ಲಿ ಒಲೆ ಹೂಡಿದೆ. ಮೂರೂ ಊರಿನವರು ನನ್ನ ರೊಟ್ಟಿ ತಿಂದು ಹೆಸರಿಡದೆ ಎದ್ದಿದ್ದಾರೆ. ಹೀಗಿರುವಾಗ, ನನ್ನ ಜೋಳದ ಹಿಟ್ಟು ಹೊಂದುವುದಿಲ್ಲ ಎಂದು ಪುಣೆಯಿಂದ ಫೋನ್ ಬಂದರೆ ನನಗೆ ಹೇಗಾಗಿರಬೇಡ!

ಫೋನ್ ಮಾಡಿದಾಕೆ ಇಥಿಯೋಪಿಯಾದವಳು. ಬಹಳ ವರ್ಷಗಳ ಹಿಂದೆ ಧಾರವಾಡದಲ್ಲಿ ಕೃಷಿ ಓದುತ್ತಿದ್ದಾಗ ಜೋಳದ ಬೆಳೆ ನೋಡಲೆಂದು ಮೂಡಲಗಿಗೆ ಬಂದು, ನನ್ನ ತವರುಮನೆಯಲ್ಲಿ ಒಂದು ಹಂಗಾಮು ಪೂರ್ತಿ ಇದ್ದಳು. ಅಪ್ಪನ ಬೆನ್ನು ಹತ್ತಿ ಹೊಲ ತಿರುಗಿದಳು, ಅವ್ವನ ಬಾಜೂ ಕುಳಿತು ರೊಟ್ಟಿ ಬಡಿಯಲು ಕಲಿತಳು. ಆಕೆ ಬಡಿದ ರೊಟ್ಟಿ ಒಂದೂ ದುಂಡಗೆ ಬರಲಿಲ್ಲ, ಕನ್ನಡ ಮಾತ್ರ ಚಂದ ಬಂತು. ನನ್ನನ್ನು ಇವತ್ತಿಗೂ 'ಅಕ್ಕಾರ' ಅಂತಲೇ ಕರೆಯುತ್ತಾಳೆ. ಆಮೇಲೆ ಪುಣೆಯ ಹುಡುಗನನ್ನು ಮದುವೆಯಾಗಿ, ಅಲ್ಲಿಯೇ ತನ್ನ ದೇಶದ ಊಟದ ಸಣ್ಣ ಹೋಟೆಲ್ ತೆಗೆದಳು.

ಅವರ ರೊಟ್ಟಿಗೆ ಇಂಜೆರಾ ಅನ್ನುತ್ತಾರೆ. ಹುಳಿ ಬಂದ ಹಿಟ್ಟನ್ನು ಅಗಲವಾದ ಹಂಚಿನ ಮೇಲೆ ದೋಸೆಯಂತೆ ಹುಯ್ಯುತ್ತಾರೆ, ಮಗುಚಿ ಹಾಕುವುದಿಲ್ಲ. ಮೇಲ್ಮೈ ತುಂಬ ಸಣ್ಣ ಸಣ್ಣ ತೂತು ಬೀಳಬೇಕು. ತೂತು ಬೀಳದ ಇಂಜೆರಾ ಇಂಜೆರಾನೇ ಅಲ್ಲವಂತೆ. ಅದನ್ನು ಮಾಡುವ ಟೆಫ್ ಎಂಬ ಕಾಳು ಸಾಸಿವೆಗಿಂತ ಸಣ್ಣದು, ಅವರ ದೇಶದಿಂದಲೇ ಬರಬೇಕು, ಬೇಕಾದಾಗ ಸಿಗುವುದಿಲ್ಲ. ಹೋದ ಬೇಸಿಗೆಯಲ್ಲಿ ಆಕೆಯೇ ಕೇಳಿದಳು.

"ನಮ್ಮ ದೇಶದಾಗ ಜ್ವಾಳದ್ದೂ ಮಾಡ್ತಾರ್ರಿ ಅಕ್ಕಾರ. ನಿಮ್ಮಪ್ಪಾರ ಹೊಲದ ಜ್ವಾಳ ನನಗ ಇನ್ನೂ ನೆನಪೈತಿ. ಹಿಟ್ಟು ಬೀಸಿಸಿ ಕಳಸ್ರಿ. ಹೊಂದಿದ್ರ ವರ್ಷಾನಗಟ್ಲೆ ನಿಮ್ಮ ಕಡೇನ ತಗೋತೀನಿ."

ಅಪ್ಪನ ಹೊಲ ಅಂದಳಲ್ಲ, ಇಡೀ ಕತೆ ಇರುವುದೇ ಅಲ್ಲಿ. ಮೂಡಲಗಿಯ ಸುತ್ತ ಈಗ ಎತ್ತ ನೋಡಿದರೂ ಕಬ್ಬು. ಕಾಲುವೆ ನೀರು ಬಂದದ್ದೇ ಬಂದದ್ದು, ಎಲ್ಲರೂ ಕಬ್ಬಿಗೆ ಬಿದ್ದರು. ಅವರನ್ನು ತಪ್ಪು ಅನ್ನುವುದಿಲ್ಲ. ಆದರೆ ಅಪ್ಪ ಮಾತ್ರ ಬಾವಿಯ ಆಚೆಗಿನ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಸಾಯುವತನಕ ಬಿಳಿಜೋಳವನ್ನೇ ಬಿತ್ತಿದ. ಅವನ ನಂತರ ನನ್ನ ತಮ್ಮ ನನ್ನ ಹಠಕ್ಕೆ ಸೋತು ಅದನ್ನೇ ಬಿತ್ತುತ್ತ ಬಂದಿದ್ದಾನೆ. ಸುತ್ತ ಕಬ್ಬು, ನಡುವೆ ಆ ಒಂದು ತುಂಡು ಜೋಳ. ಹಕ್ಕಿ ಎಲ್ಲ ಅಲ್ಲಿಗೇ ಇಳಿಯುತ್ತವೆ. ಹಕ್ಕಿ ಓಡಿಸಿ ಓಡಿಸಿ ಅವನಿಗೂ ಸಾಕಾಗಿತ್ತು. ನನ್ನ ಅಂಗಡಿಯೊಂದಕ್ಕೆ ಅಷ್ಟೂ ಜೋಳ ಹತ್ತುವುದಿಲ್ಲ, ಉಳಿದದ್ದನ್ನು ಕೇಳುವವರಿಲ್ಲ. ಈ ವರ್ಷ ಖಡಾಖಡಿ ಹೇಳಿದ.

"ಅಕ್ಕಾ, ನಿನ್ನ ಪುಣೆದಾಕಿ ತಗೊಂಡ್ರ ಜ್ವಾಳ ಬಿತ್ತತೀನಿ. ಇಲ್ಲಂದ್ರ ಈ ಸಲ ಕಬ್ಬ. ಸಿಟ್ಟ ಮಾಡಬ್ಯಾಡ."

ನಾನು ಸಿಟ್ಟು ಮಾಡಿದೆ. ಆದರೆ ಸಿಟ್ಟಿನಿಂದ ಜೋಳ ಬೆಳೆಯುವುದಿಲ್ಲವಲ್ಲ. ಹಿಟ್ಟು ಬೀಸಿಸಿ ಪುಣೆಗೆ ಕಳಿಸಿದೆ. ನಾಲ್ಕನೆಯ ದಿನವೇ ಆಕೆಯ ಫೋನ್.

"ಹಂಚಿನ ಮ್ಯಾಲಿಂದ ತೆಗೆಯಾಕ ಹ್ವಾದ್ರ ಹರೀತೈತ್ರಿ ಅಕ್ಕಾರ."

ನನಗೆ ನಗೆ ಬಂತು. ಇಷ್ಟೇನಾ? ಜೋಳದ ಹಿಟ್ಟಿನಲ್ಲಿ ಜಿಗುಟು ಇರುವುದಿಲ್ಲ; ತಣ್ಣೀರಲ್ಲಿ ಕಲಸಿದರೆ ರೊಟ್ಟಿ ಬಿರಿಯುತ್ತದೆ. ಅದಕ್ಕೇ ನಾವು ಎಸರಿಟ್ಟು, ಕೊತಕೊತ ಕುದಿಯುವ ನೀರು ಹಾಕಿ ನಾದುವುದು. ನಮ್ಮ ಕಡೆ ಹತ್ತು ವರ್ಷದ ಹುಡುಗಿಗೂ ಇದು ಗೊತ್ತು. "ಏ ಹುಚ್ಚಿ, ನಮ್ಮ ಅವ್ವನ ಕೈಯಾಗ ಕಲ್ತಾಕಿ ನೀ! ಎಲ್ಲಾ ಹಿಟ್ಟಿಗೂ ಕುದಿಯೋ ನೀರ ಹಾಕು, ಹೆಂಗ ಹರೀತೈತಿ ನೋಡೂನು" ಎಂದು ಗದರಿಸಿ ಫೋನ್ ಇಟ್ಟೆ. ವಾರ ಕಳೆದ ಮೇಲೆ ಬಂದದ್ದೇ ನಾನು ಮೊದಲಿಗೆ ಹೇಳಿದ ಆ ಫೋನ್.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ನೀವು ಹೇಳಿದಂಗ ಮಾಡಿದೆ. ಈ ಜ್ವಾಳ ನಮಗ ಹೊಂದಂಗಿಲ್ಲ. ಇನ್ನ ಕಳಸಬ್ಯಾಡ್ರಿ."

ಮೈಯೆಲ್ಲ ಉರಿದುಹೋಯಿತು. ಅಪ್ಪನ ಜೋಳ ಹೊಂದುವುದಿಲ್ಲವೇ? ತಮ್ಮನಿಗೆ ಹೇಳುವ ಹೊತ್ತಿಗೆ ಹಿಂಗಾರಿ ಬಿತ್ತನೆಯ ಉತ್ತರಿ ಮಳೆ ಆಗಲೇ ಬಿದ್ದಿತ್ತು, ಹೊಲ ಹದಕ್ಕೆ ಬಂದಿತ್ತು. "ಜ್ವಾಳ ಬಿತ್ತಾಕ ಕೂರಿಗಿ ಕಟ್ಟಲೋ, ಕಬ್ಬಿನ ಬೀಜಕ್ಕ ಹೇಳಲೋ, ಲಗೂನ ಹೇಳು" ಅಂದ. "ನಾ ಪುಣೇಕ ಹೋಗಿ ಕಣ್ಣಾರೆ ನೋಡಿ ಬರೂತನಕ ಕೈ ಕಟ್ಟಿಕೊಂಡು ಕುಂದರು" ಅಂದೆ.

ನಮ್ಮ ಯಜಮಾನರನ್ನೂ ಎಬ್ಬಿಸಿಕೊಂಡು ಹೊರಟೆ. ಅವರು ಹುಕ್ಕೇರಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು, ಈಗ ನಿವೃತ್ತರು. ಮೂವತ್ತು ವರ್ಷ ಜನರ ಜೊತೆ ಒದರಾಡಿ ಅವರ ಪಾಲಿನ ಮಾತೆಲ್ಲ ಮುಗಿದಿದೆ ಎಂದು ನಾನು ಚಾಷ್ಟಿ ಮಾಡುತ್ತೇನೆ. ಸಂಕೇಶ್ವರದಲ್ಲಿ ಪುಣೆಯ ಬಸ್ ಹತ್ತಿದ ಮೇಲೆ ಕೊಲ್ಹಾಪುರ ದಾಟುವತನಕ ಅವರು ಆಡಿದ್ದು ಒಂದೇ ಮಾತು: "ಡ್ರೈವರ್ ಚಲೋ ಅದಾನ." ಪುಣೆಯಲ್ಲಿ ಅವರ ಅಕ್ಕನ ಮಗಳ ಮನೆಯಲ್ಲಿ ಇಳಿದು, ಮರುದಿನ ಶುಕ್ರವಾರ ಮಧ್ಯಾಹ್ನ ಹೋಟೆಲಿಗೆ ಹೋದೆವು. ಶುಕ್ರವಾರವೇ ಬರಬೇಕೆಂದು ಆಕೆ ಹೇಳಿದ್ದಳು. ಅಂದು ಅವರಿಗೆ ಉಪವಾಸದ ದಿನ. ಆಕೆಯ ಅಡುಗೆಮನೆಯಲ್ಲಿ ಮಾಂಸ, ಹಾಲು, ಬೆಣ್ಣೆ ಏನೂ ಒಲೆಗೆ ಏರುವುದಿಲ್ಲ. ನಾವು ಲಿಂಗ ಕಟ್ಟಿದವರು, ನಮಗೂ ಅದೇ ನಿಶ್ಚಿಂತೆ.

ಬಾಗಿಲಲ್ಲಿ ನಮ್ಮನ್ನು ಕಂಡದ್ದೇ ಆಕೆ ಬಗ್ಗಿ ಕಾಲು ಮುಟ್ಟಿದಳು. ಸಿಟ್ಟನ್ನು ಸಂಕೇಶ್ವರದಿಂದ ಜೋಪಾನವಾಗಿ ಹೊತ್ತು ತಂದಿದ್ದೆ, ಅರ್ಧ ಅಲ್ಲೇ ಇಳಿಯಿತು.

ಬೆತ್ತದಿಂದ ಹೆಣೆದ ಬುಟ್ಟಿಯಂಥ ಮೇಜಿನ ಮೇಲೆ ಒಂದೇ ಒಂದು ದೊಡ್ಡ ತಾಟು ಬಂತು. ತಾಟಿನಗಲ ಇಂಜೆರಾ ಹಾಸಿ, ಅದರ ಮೇಲೆ ಗುಂಪು ಗುಂಪಾಗಿ ಪಲ್ಯಗಳು: ಕೆಂಪು ಖಾರದ ಮಸೂರ ಬೇಳೆ, ಅರಿಸಿನ ಹಾಕಿದ ಎಲೆಕೋಸು, ಸೊಪ್ಪು, ನಮ್ಮ ಝುಣಕವನ್ನೇ ತೆಳ್ಳಗೆ ಮಾಡಿದಂಥ ಕಡಲೆಹಿಟ್ಟಿನದೊಂದು. ಯಜಮಾನರು ಅತ್ತಿತ್ತ ನೋಡಿ, "ನಮ್ಮ ತಾಟ ಎಲ್ಲಿ?" ಅಂದರು.

"ಎಲ್ಲಾರಿಗೂ ಇದ ಒಂದ ತಾಟ್ರಿ ಮಾಮಾರ. ನಮ್ಮಲ್ಲಿ ಹಿಂಗ ಉಣ್ಣೂದು" ಅಂದಳು ಆಕೆ.

ಅವರು ಕೈ ಹಿಂದಕ್ಕೆ ತೆಗೆದರು. ನನಗೆ ಒಮ್ಮೆಲೇ ನೆನಪಾಗಿ, "ಭೂಮಕ್ಕ ಕುಂತೀವಿ ಅಂತ ತಿಳೀರಿ" ಅಂದೆ. ನಮ್ಮ ಮದುವೆಗಳಲ್ಲಿ ಗಂಡು, ಹೆಣ್ಣು, ಬೀಗರು ಒಂದೇ ತಾಟಿನ ಸುತ್ತ ಕುಳಿತು ಉಣ್ಣುವುದೇ ಭೂಮದ ಊಟ. ಹುಕ್ಕೇರಿಯಲ್ಲಿ ನಮ್ಮ ಭೂಮವಾದ ದಿನ ಅವರು ನನ್ನ ಬಾಯಿಗೆ ಇಟ್ಟದ್ದು ಒಂದು ತುಣುಕು ಹೋಳಿಗೆ. ಅದಾದ ಮೇಲೆ ಒಂದು ದಿನವೂ ನಾವಿಬ್ಬರು ಒಂದು ತಾಟಿನಲ್ಲಿ ಉಂಡದ್ದಿಲ್ಲ. ಅವರು ಉಂಡು ಎದ್ದ ಮೇಲೆ ನಾನು. ಅಂಗಡಿ ಆದ ಮೇಲಂತೂ ಊರೆಲ್ಲ ಉಂಡ ಮೇಲೆ ನಾನು. ಯಜಮಾನರು ನಕ್ಕು ತಾಟಿಗೆ ಕೈ ಹಾಕಿದರು.

ಆದರೆ ನಾನು ಉಣ್ಣಲು ಬಂದಿರಲಿಲ್ಲ. "ಇದು ಟೆಫ್ ಕಾಳಿಂದು. ನನ್ನ ಹಿಟ್ಟಿಂದು ಎಲ್ಲಿ? ತಗೊಂಡ ಬಾ" ಅಂದೆ. ಆಕೆ ಬೇಡ ಅಂದಳು, ಮಾತು ತೇಲಿಸಿದಳು. ನಾನು ಬಿಡಲಿಲ್ಲ. ನಾನು ಕೇಳದೆ ಬಿಡುವುದಿಲ್ಲವೆಂದು ಗೊತ್ತಿದ್ದು ಹುಯ್ದಿಟ್ಟಿದ್ದನ್ನು ಕೊನೆಗೆ ಮುಖ ಸಣ್ಣ ಮಾಡಿಕೊಂಡು ಬೇರೆ ತಾಟಿನಲ್ಲಿ ತಂದಿಟ್ಟಳು.

ನೋಡಿದೆ. ಒಂದೂ ತೂತಿಲ್ಲ. ತೊಯ್ದ ಗೋಣಿ ತಾಟಿನ ಮೇಲೆ ಬಿದ್ದಂತಿತ್ತು. ಮುರಿದು ಬಾಯಿಗೆ ಹಾಕಿಕೊಂಡರೆ ಹುಳಿಯಿಲ್ಲ, ಮೆತ್ತಗಿಲ್ಲ, ಬರೀ ಮುದ್ದೆ. ಅಪ್ಪನ ಜೋಳವನ್ನು ಅಂಥ ಸ್ಥಿತಿಯಲ್ಲಿ ನೋಡಿ ನನಗೆ ಅಳುವೇ ಬಂತು. ಆ ಸಂಕಟಕ್ಕೆ ಆಕೆಯ ಮೇಲೇ ಹರಿಹಾಯ್ದೆ. "ಏನ ಮಾಡಿಟ್ಟಿ ಇದನ್ನ? ಹೆಂಗ ಕಲಸಿದಿ?"

"ನೀವ ಹೇಳಿದ್ರಲ್ರಿ ಅಕ್ಕಾರ" ಅಂದಳು ಮೆಲ್ಲಗೆ. "ಎಲ್ಲಾ ಹಿಟ್ಟಿಗೂ ಕುದಿಯೋ ನೀರ ಹಾಕಿ, ಆಮ್ಯಾಲ ಹುಳಿ ಬರಾಕ ಇಟ್ಟೆ. ಹುಳಿ ಬರಲೇ ಇಲ್ಲ."

ನಮ್ಮ ಯಜಮಾನರು ಟೆಫ್ ಇಂಜೆರಾದ ಎರಡನೆಯ ತುಣುಕು ಅಗಿಯುತ್ತಿದ್ದರು. ನಿಧಾನವಾಗಿ ನುಂಗಿ, "ಇದು ಥೇಟ್ ನಮ್ಮ ಅಂಬಲಿ ಹುಳಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅಂಬಲಿ ಹಿಟ್ಟಿಗೆ ನೀ ಯಾವತ್ತರ ಮೊದಲ ಎಸರ ಹಾಕಿಯೇನ?" ಎಂದು ಕೇಳಿದರು.

ಜೋಳದ ಅಂಬಲಿ ಕುಡಿಯದೆ ಅವರ ಬೆಳಗು ಆಗುವುದಿಲ್ಲ. ಹಿಟ್ಟನ್ನು ಹಿಂದಿನ ದಿನವೇ ತಣ್ಣೀರಲ್ಲಿ ಕಲಸಿ ಗಡಿಗೆಯಲ್ಲಿ ಇಡುವವಳು ನಾನೇ. ಹುಳಿ ಬಂದ ಮೇಲಷ್ಟೇ ಅದಕ್ಕೆ ಬೆಂಕಿ ಕಾಣಿಸುವುದು. ಮೊದಲೇ ಕುದಿಯುವ ನೀರು ಬಿದ್ದರೆ ಹಿಟ್ಟು ಬೆಂದುಹೋಗುತ್ತದೆ, ಬೆಂದ ಹಿಟ್ಟು ಹುಳಿ ಬರುವುದೆಲ್ಲಿಂದ? ದಿನಾ ಮಾಡುವ ಕೆಲಸ. ಆದರೆ ಫೋನಿನಲ್ಲಿ 'ಹರೀತೈತಿ' ಅಂದದ್ದೇ ತಡ, ರೊಟ್ಟಿಯವಳ ಸೊಕ್ಕು ನೆತ್ತಿಗೇರಿ ಅಂಬಲಿಯನ್ನು ಮರೆತಿದ್ದೆ. ಅಪ್ಪನ ಜೋಳವನ್ನು ಕೆಡಿಸಿದವಳು ನಾನು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ತಪ್ಪ ನಂದವಾ" ಅಂದೆ. ಅದನ್ನು ಹೇಳುವುದು ನನಗೆ ಎಷ್ಟು ಕಷ್ಟವೆಂದು ಯಜಮಾನರಿಗೆ ಗೊತ್ತು; ಅವರು ತಾಟು ನೋಡುತ್ತ ಕುಳಿತರು.

ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೊಕ್ಕೆ. ಚೀಲದಲ್ಲಿ ಉಳಿದಿದ್ದ ಒಣ ಹಿಟ್ಟನ್ನು ತಣ್ಣೀರಲ್ಲಿ ಕಲಸಿದೆವು. ಹೆಪ್ಪಿಗೆ ಆಕೆ ತನ್ನ ಹಳೆಯ ಹುಳಿನೀರು ಹಾಕಿದಳು. ಹರಿಯುವುದಕ್ಕೆ ಏನು ಮಾಡುವುದೆಂದು ಕೇಳಿದರೆ, ಹುಳಿ ಬಂದ ಮೇಲೆ ಒಂದು ಸೌಟು ಹಿಟ್ಟು ಕುದಿಸಿ ತಿರುಗಿ ಅದಕ್ಕೇ ಸೇರಿಸುವ ಪದ್ಧತಿ ತಮ್ಮಲ್ಲೂ ಇದೆ, ಮೊದಲ ಸಲ ತಾನು ಹಾಕಿದ್ದೂ ಅಷ್ಟೇ ಅಂದಳು. ನನ್ನ ಜೀವ ಹಗುರಾಯಿತು. ಎಸರು ಬೇಕೆಂದು ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹೊತ್ತು ತಪ್ಪಿ ಹೇಳಿದ್ದೆ, ಅಷ್ಟೇ. "ಟೆಫ್‌ಗೆ ಒಂದ ಸೌಟ ಸಾಕಾದೀತು. ಜ್ವಾಳಕ್ಕ ಜಿಗಿ ಇಲ್ಲ, ಮೂರ ಸೌಟ ಹಾಕೂನು" ಅಂದೆ. ಹಿಟ್ಟು ಹುಳಿಯಾಗಲು ಎರಡು ದಿನ ಬೇಕಿತ್ತು. ಅತ್ತ ತಮ್ಮ ದಿನಕ್ಕೆ ಮೂರು ಸಲ ಫೋನ್ ಮಾಡಿದ. "ಹೊಲ ಒಣಗಾಕತ್ತೈತಿ, ನಾಡದು ಕಬ್ಬಿನ ಬೀಜದವ ಬರತಾನ" ಅಂದ. ಭಾನುವಾರ ಮಧ್ಯಾಹ್ನದತನಕ ತಡೆ ಅಂದೆ.

ಭಾನುವಾರ ಮುಚ್ಚಳ ತೆಗೆದಾಗ ನಮ್ಮ ಮನೆಯ ಅಂಬಲಿ ಗಡಿಗೆಯ ವಾಸನೆಯೇ ಬಂತು. ಮೂರು ಸೌಟು ಕುದಿಸಿ ಸೇರಿಸಿ, ತಾಸು ಬಿಟ್ಟು ಆಕೆ ಹಂಚಿನ ಮೇಲೆ ಹುಯ್ದಳು. ನಾನು ಹಂಚಿಗೆ ಬಗ್ಗಿ ನೋಡುತ್ತಿದ್ದೆ. ಅಂಚಿನಲ್ಲೊಂದು ತೂತು ಬಿತ್ತು. ಅದರ ಬದಿಗೆ ಇನ್ನೊಂದು. ನೋಡನೋಡುತ್ತ ಹಂಚಿನ ತುಂಬ ತೂತೇ ತೂತು! "ಬಂತ್ರಿ ಅಕ್ಕಾರ!" ಎಂದು ಆಕೆ ಚೀರಿದಳು. ಹಂಚಿನಿಂದ ಎತ್ತಿದರೆ ಹರಿಯಲಿಲ್ಲ, ಬಟ್ಟೆಯಂತೆ ಮಡಚಿತು.

ಆದರೂ ಆಕೆ ಒಪ್ಪಿಗೆಯ ಮಾತು ಆಡಲಿಲ್ಲ. ಭಾನುವಾರ ಆಕೆಯ ದೇಶದ ಆರು ಜನ ವಿದ್ಯಾರ್ಥಿಗಳು ತಪ್ಪದೆ ಉಣ್ಣಲು ಬರುತ್ತಾರಂತೆ. "ಅವ್ರಿಗೆ ಏನೂ ಹೇಳದ ಬಡಸ್ತೀನಿ. ಅವ್ರ ತಾಟ ಹೇಳಲಿ" ಅಂದಳು. ನಾನೂ ಯಜಮಾನರೂ ಮೂಲೆಯ ಮೇಜಿನಲ್ಲಿ ಕುಳಿತೆವು. ನಮ್ಮ ಮುಂದೆಯೂ ಅದೇ ಜೋಳದ ಇಂಜೆರಾದ ತಾಟು, ಆದರೆ ನನ್ನ ಕಣ್ಣೆಲ್ಲ ಆ ವಿದ್ಯಾರ್ಥಿಗಳ ತಾಟಿನ ಮೇಲೆ. ಆ ಹುಡುಗರು ನಗುತ್ತ, ಒಬ್ಬರ ಬಾಯಿಗೊಬ್ಬರು ತುತ್ತು ಇಡುತ್ತ ಉಂಡರು. ಇನ್ನೊಂದು ಇಂಜೆರಾ ಕೇಳಿದರು. ಮತ್ತೊಂದು ಕೇಳಿದರು. ಪಲ್ಯದ ರಸ ಹೀರಿ ತಾಟಿನ ತಳಕ್ಕೆ ಅಂಟಿದ್ದ ತುಣುಕಿಗಾಗಿ ಕಿತ್ತಾಡಿದರು. ಕೊನೆಗೆ ಅವರಲ್ಲೊಬ್ಬಳು ಏನೋ ಕೇಳಿದಳು. ಹೋಟೆಲಿನಾಕೆ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದಳು. ನನಗೆ ತಿಳಿದದ್ದು ಅದರೊಳಗಿನ ಒಂದೇ ಮಾತು: ಮೂಡಲಗಿ. ಆರೂ ಜನ ಎದ್ದು ನಿಂತು ಎದೆಗೆ ಕೈಯಿಟ್ಟು ತಲೆಬಾಗಿಸಿದರು.

ನನ್ನ ಎದೆ ಉಬ್ಬಿದ್ದನ್ನು ನಾನು ಮುಚ್ಚಿಡುವುದಿಲ್ಲ. ಸಮುದ್ರದಾಚೆಯ ಜನರ ಊಟ ಅದು, ನೆಲ ನಮ್ಮಪ್ಪನದು.

ಆಕೆ ನಮ್ಮ ಮೇಜಿಗೆ ಬಂದು, ದೊಡ್ಡದೊಂದು ತುತ್ತು ಸುತ್ತಿ, "ಬಾಯಿ ತೆಗೀರಿ ಅಕ್ಕಾರ, ವರ್ಷಾನಗಟ್ಲೆ ಕಳಸ್ರಿ" ಎಂದು ನನ್ನ ಬಾಯಿಗೆ ಇಟ್ಟಳು. ಅದನ್ನು ಅಗಿಯುವುದರೊಳಗೆ ಯಜಮಾನರೂ ಒಂದು ತುತ್ತು ಸುತ್ತಿ, ಯಾರು ನೋಡುತ್ತಾರೆ ಎನ್ನದೆ ಕೈ ಮುಂದೆ ಮಾಡಿದರು. ಭೂಮದ ದಿನ ಹೋಳಿಗೆಯ ತುಣುಕು ಇಟ್ಟ ಹಾಗೆಯೇ ಅದನ್ನು ನನ್ನ ಬಾಯಿಗೆ ಇಟ್ಟರು. ಎರಡು ತುತ್ತೂ ಬಾಯಲ್ಲಿ, ಕಣ್ಣಲ್ಲಿ ದಳದಳ ನೀರು, ಅಷ್ಟರಲ್ಲಿ ತಮ್ಮನ ಫೋನ್. ಕಿವಿಗೆ ಹಿಡಿದೆ, ಮಾತು ಬರಲೊಲ್ಲದು. "ಅಕ್ಕಾ? ಅಕ್ಕಾ, ಏನ ಮಾಡಲಿ ಹೇಳು!" ಎಂದು ಅವನು ಅತ್ತಲಿಂದ ಒದರುತ್ತಿದ್ದ.

ಯಜಮಾನರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ತಮ್ಮಾ, ನಿಮ್ಮ ಅಕ್ಕನ ಬಾಯಿ ತುಂಬ ನಿಮ್ಮಪ್ಪನ ಜ್ವಾಳ ಐತಿ, ಆಕಿಗೆ ಮಾತಾಡಾಕ ಆಗವಲ್ದು" ಅಂದರು. "ನೀ ಕೂರಿಗಿ ಕಟ್ಟು."