ಪಕ್ಕದ ಮನೆಯ ಕಡ್ಡಿಪೆಟ್ಟಿಗೆ

ಕಳೆದ ವಾರ ನಾನೊಂದು ಕಳ್ಳತನ ಮಾಡಿದೆ. ಕದ್ದದ್ದು ಏನು ಅಂತ ಹೇಳಿದರೆ ಮೂಗು ಮುಚ್ಚಿಕೊಳ್ಳುತ್ತೀರಿ.

ಮೊನ್ನೆ ಮೊನ್ನೆ ಮೈಸೂರು ರಾಜ್ಯಕ್ಕೆ ಸೇರಿದ ನಮ್ಮ ಭಾಲ್ಕಿಗೆ ಮೈಸೂರು ಕಡೆಯ ಡಾಕ್ಟರೊಬ್ಬರು ಬಂದಿದ್ದಾರೆ. ಮಕ್ಕಳ ಹೊಟ್ಟೆಯಲ್ಲಿ ಜಂತುಹುಳ ಇದೆಯೇ ನೋಡಬೇಕಂತೆ. ಬೆಳಗಿನ ಮಲವನ್ನು ಖಾಲಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿ, ಹೆಸರಿನ ಚೀಟಿ ಕಟ್ಟಿ ಶಾಲೆಗೆ ತರಬೇಕಂತೆ.

ಓಣಿಯಲ್ಲಿ ಮಾನ ಹೋಗುವುದು ನಮ್ಮ ಮನೆಯದೇ ಅಂತ ನನಗೆ ಆಗಲೇ ಗೊತ್ತಾಯಿತು. ಮಗಳು ಶಾಂತಾಳ ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಗೋಡೆ ಕೆರೆದು ಮಣ್ಣು ತಿನ್ನುತ್ತಾಳೆ. ಪಕ್ಕದ ಮನೆಯ ಕಮಲಾಬಾಯಿಯ ಮಗಳು ಸುಮನ? ಗುಂಡುಗುಂಡಗೆ, ತುಂಬಿದ ಕೆನ್ನೆ. ಬಯಲಿಗೆ ಹೋಗುವಾಗಲೂ ಬೀದರಿನಿಂದ ತಂದ ಚಪ್ಪಲಿ! (ನವಾಬನ ಮಗಳೇನು ಅಂತ ನಾನೇ ಓಣಿಯೆಲ್ಲ ಆಡಿಕೊಂಡಿದ್ದೆ.) ಆ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆಯುರಿ. ಸುಳ್ಳೇಕೆ ಹೇಳಲಿ?

"ಎರಡೂ ಪೆಟ್ಟಿಗಿ ನಾನೇ ಒಯ್ತೇನ್ರಿ" ಅಂದೆ ಕಮಲಾಬಾಯಿಗೆ. ದಾರಿಯಲ್ಲಿ ಚೀಟಿ ಬದಲಿಸಿದೆ.

ರಿಪೋರ್ಟ್ ಬಂತು. ಶಾಂತಾ ಕ್ಲೀನ್. ಸುಮನಳಿಗೆ ಹುಳವೋ ಹುಳ! "ಔರಾದ್‌ನಲ್ಲೂ ಇದೇ ಕಥೆ ಕಣಮ್ಮ. ಬರಿಗಾಲು, ಬಯಲು, ತೊಳೆಯದ ಕೈ" ಅಂದರು ಡಾಕ್ಟರು. ನಾನು ಕೇಳಿಸಿಕೊಳ್ಳಲಿಲ್ಲ. ಓಣಿಗೆ ಸುದ್ದಿ ಮುಟ್ಟಿಸುವ ಅವಸರ.

ಸಂಜೆ ಕಮಲಾಬಾಯಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹುಳದ ಔಷಧದ ಬಾಟಲಿ ತೆರೆಯುತ್ತಿದ್ದರು. ನನ್ನ ಶಾಂತಾ ಅಲ್ಲೇ ಕಟ್ಟೆಯ ಮೇಲೆ ಕೂತು ಮಣ್ಣು ನೆಕ್ಕುತ್ತಿದ್ದಳು. ಆಗ ತಲೆಗೆ ಹೊಳೆಯಿತು. ಅದು ನನ್ನ ಮಗಳ ಔಷಧ! ಅದೂ ಸುಮನಳ ಬಾಯಿಗೇ ಹೋಗಬೇಕೇ? (ನೋಡಿ, ಆಗಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ.) ಆಮೇಲೆ ಭಯ. ಗಟ್ಟಿಮುಟ್ಟಾದ ಮಗುವಿಗೆ ಏನಾದರೂ ಆದರೆ?

"ಕುಡಿಸಬ್ಯಾಡ್ರಿ! ಚೀಟಿ ಬದಲಿ ಮಾಡೀನ್ರಿ. ಹುಳ ನಮ್ಮ ಶಾಂತಾಗ ಆವ."

ಬೈಗುಳಕ್ಕೆ ಕಾದು ನಿಂತೆ. ಕಮಲಾಬಾಯಿ ಬಾಟಲಿಗೆ ಬೂಚು ಹಾಕಿ ನನ್ನ ಕೈಗಿಟ್ಟರು.

"ನಾಳಿ ಇಬ್ರೂ ಡಾಕ್ಟರ ಬಲ್ಲಿ ಹೋಗಿ ಖರೇ ಹೇಳಮ್ರಿ ಅಕ್ಕಾ. ಅವರನ್ನ ಕೇಳೇ ಕುಡಿಸ್ರಿ. ಹುಳ ಅಂಗಾಲಿನಿಂದ ಒಳಗ ಹೋಗ್ತಾವಂತ. ಸುಮನಂದು ಹಳೀ ಚಪ್ಪಲ್ ಅದ, ಶಾಂತಾಗ ಹಾಕಿ ನೋಡ್ರಿ."

ಚಪ್ಪಲಿ ಶಾಂತಾಳ ಕಾಲಿಗೆ ಸರಿಯಾಗಿ ಕೂತಿತು. ಒಂದೇ ಒಂದು ಮಾತು ಬೈಯಲಿಲ್ಲ ಆ ಹೆಂಗಸು.

ಅಷ್ಟು ದೊಡ್ಡ ಮನಸ್ಸೂ ಅವರ ಮನೆಯಲ್ಲೇ ಇರಬೇಕೇ?