ಮೀಟಿಂಗು ಚಿಕ್ಕದು ಮಾಡಿದ ಫರೀದಾ

ಹೊಸಕೋಟೆ ಹತ್ತಿರದ ಕಾರ್ಖಾನೆಯೊಂದರಲ್ಲಿ ಫರೀದಾ ಬೈಕಿನ ಕನ್ನಡಿಗಳಿಗೆ ಸ್ಕ್ರೂ ಹಾಕುತ್ತಿದ್ದಳು. ಮಂಡಿಯಲ್ಲಿ ಟೊಮೆಟೊ ಕೂಗಿ ಮಾರುತ್ತಿದ್ದವರ ಮಗಳು. ಮೆಲ್ಲಗೆ ಮಾತಾಡುವುದು ಅವಳಿಗೆ ಗೊತ್ತೇ ಇರಲಿಲ್ಲ.

ಹೊಸ ಮ್ಯಾನೇಜರ್ ಸುನಿಲ್‌ಕುಮಾರ್ ಬಂದವರೇ, ಕಾರ್ಖಾನೆಯಲ್ಲಿ ಏನೂ ವ್ಯರ್ಥವಾಗಬಾರದು, ಅದಕ್ಕೆ ಕೆಲಸಗಾರರೇ ದಾರಿ ಹೇಳಬೇಕು ಅಂದರು. ದಿನಾ ಬೆಳಿಗ್ಗೆ ಎಲ್ಲರೂ ನಿಂತು ಮೀಟಿಂಗು. ಒಬ್ಬೊಬ್ಬರದೂ ಒಂದು ಸಲಹೆ, ಪ್ರತಿ ಸಲಹೆಗೂ ಚಪ್ಪಾಳೆ. ಕಸದ ಬುಟ್ಟಿ ಎಡಕ್ಕಿಡಿ ಅಂತ ಒಬ್ಬ, ಮಾರನೇ ದಿನ ಬಲಕ್ಕಿಡಿ ಅಂತ ಇನ್ನೊಬ್ಬ. ಇಬ್ಬರಿಗೂ ಚಪ್ಪಾಳೆ.

ಫರೀದಾಳ ಸರದಿ ಬರುವಷ್ಟರಲ್ಲಿ ಕಾಲು ಜೋಮು ಹಿಡಿದಿತ್ತು. "ಸಾರ್, ಈ ಮೀಟಿಂಗೇ ವೇಸ್ಟು. ಚಿಕ್ಕದು ಮಾಡಿ."

ಎಲ್ಲರೂ ಮ್ಯಾನೇಜರ್ ಕಡೆ ತಿರುಗಿದರು. ಸುನಿಲ್‌ಕುಮಾರ್ ಮುಖ ಅರಳಿತು. "ನೋಡ್ರೀ, ಸಲಹೆ ಅಂದ್ರೆ ಇದು!"

ಮೀಟಿಂಗು ಚಿಕ್ಕದು ಮಾಡಲು ಒಂದು ತಂಡವಾಯಿತು. ಅದಕ್ಕೆ ಫರೀದಾಳೇ ಲೀಡರು. ತಂಡ ಮಧ್ಯಾಹ್ನ ಮೀಟಿಂಗು ಮಾಡಿತು, ಸಾಲದೆ ಸಂಜೆಯೂ ಮಾಡಿತು. ಕೊನೆಗೆ ತಪ್ಪೆಲ್ಲ ಚಪ್ಪಾಳೆಯದೇ ಅಂತ ತೀರ್ಮಾನವಾಯಿತು. ಚಪ್ಪಾಳೆ ಬದಲು ಸುಮ್ಮನೆ ಕೈ ಎತ್ತಬೇಕು. ಎಲ್ಲರೂ ಒಟ್ಟಿಗೆ ಎತ್ತಲೆಂದು ತರಬೇತಿ ಶುರುವಾಯಿತು.

ಅಷ್ಟರಲ್ಲಿ ಸ್ಕ್ರೂ ಹಾಕಲು ಫರೀದಾಳ ಜಾಗದಲ್ಲಿ ಅರ್ಪಿತ ಅನ್ನುವ ಹುಡುಗಿ ಕೂತಿದ್ದಳು. "ಫರೀದಕ್ಕಾ, ನೀವು ಪುಣ್ಯವಂತ್ರು ಬಿಡಿ, ಕೆಲ್ಸಾನೇ ಇಲ್ಲ," ಅಂದಳು.

"ಕೈಯೆಲ್ಲಾ ಕಡೀತದೆ ಕಣೇ," ಅಂದಳು ಫರೀದಾ. ಮನೆಯಲ್ಲಿ ಅವಳು ಡಬ್ಬಿ ಮುಚ್ಚಳಗಳನ್ನೆಲ್ಲ ಬಿಚ್ಚಿ ಬಿಚ್ಚಿ ಮತ್ತೆ ಗಟ್ಟಿಯಾಗಿ ಬಿಗಿಯುತ್ತಿದ್ದಳು. ಗಂಡ ಸರ್ದಾರ್ ಪಾಷಾ ಉಪ್ಪಿನಕಾಯಿ ತಿನ್ನುವುದನ್ನೇ ಬಿಟ್ಟಿದ್ದ. ಮುಚ್ಚಳ ಅವನ ಕೈಗೆ ಜಗ್ಗುತ್ತಿರಲಿಲ್ಲ.

ಕೊನೆಗೊಂದು ದಿನ ಹೆಡ್ಡಾಫೀಸಿನವರು ಚಿಕ್ಕ ಮೀಟಿಂಗು ನೋಡಲು ಬಂದರು. ಅದು ಎಷ್ಟು ಚಿಕ್ಕದೆಂದು ವಿವರಿಸುವುದರಲ್ಲೇ ಊಟದ ಹೊತ್ತಾಯಿತು. ಮಷೀನುಗಳೆಲ್ಲ ನಿಂತಿದ್ದವು.

"ಮುಂದೇನು ಮಾಡ್ತೀರಮ್ಮಾ?" ಅಂತ ದೊಡ್ಡ ಸಾಹೇಬರು ಕೇಳಿದರು.

"ಸ್ಕ್ರೂ ಹಾಕ್ತೀನಿ ಸಾರ್," ಅಂದವಳೇ ಫರೀದಾ ಹೋಗಿ ತನ್ನ ಜಾಗದಲ್ಲಿ ಕೂತುಬಿಟ್ಟಳು. ಅರ್ಪಿತ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಮೊದಲ ಸ್ಕ್ರೂ ಬಿಗಿಯುತ್ತಲೇ ಫರೀದಾಳ ಭುಜ ಸಡಿಲವಾಯಿತು.

ಸಾಹೇಬರು ದಂಗಾದರು. "ಲೀಡರೇ ಕೂತು ಕೆಲಸ ಮಾಡೋದು! ಈ ಐಡಿಯಾ ಯಾರದು?"

"ನಮ್ಮದೇ ಸಾರ್," ಅಂದರು ಸುನಿಲ್‌ಕುಮಾರ್.

ಆ ಹೊಸ ಪದ್ಧತಿಯನ್ನು ಅಧ್ಯಯನ ಮಾಡಲು ಈಗ ಅವಳ ಬೆನ್ನ ಹಿಂದೆ ದಿನವೂ ಒಂದು ತಂಡ ನಿಂತಿರುತ್ತದೆ.

"ಸ್ವಲ್ಪ ಆ ಕಡೆ ಸರೀರಪ್ಪಾ," ಅನ್ನುತ್ತಾಳೆ ಫರೀದಾ, "ಬೆಳಕು ಬರ್ಲಿ."