ಜಯಮ್ಮ ಸಹಿ ಹಾಕಿದ ಪುಟ

ಗಾಳಿ ಸೋಕಿತು, ಮೈಮೇಲೆ ಬಂತು, ಸತ್ತವರು ಬಾಗಿಲು ತಟ್ಟಿದರು ಎಂದು ಯಾರಾದರೂ ನನ್ನೆದುರು ಹೇಳಿದರೆ ಹತ್ತು ನಿಮಿಷದಲ್ಲಿ ಅವರನ್ನು ಸುಮ್ಮನಾಗಿಸುವುದು ನನಗೆ ಸುಲಭವಾಗಿತ್ತು. ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿದವನು ನಾನು. ಕಣ್ಣಾರೆ ಕಂಡೆವೆಂದು ಆಣೆ ಮಾಡುವವರು ಅಲ್ಲಿ ಇಲ್ಲದೇ ಇದ್ದುದನ್ನು ಹೇಗೆ ಕಂಡಿರುತ್ತಾರೆ ಎಂಬುದರ ಮೇಲೇ ಪ್ರಬಂಧ ಬರೆದಿದ್ದೆ. ಈಗಲೂ ದೆವ್ವಗಳನ್ನು ನಾನು ನಂಬುವುದಿಲ್ಲ. ಆದರೆ ಒಂದೇ ಒಂದು ಪುಟದ ವಿಷಯದಲ್ಲಿ ಮಾತ್ರ ಆ ಹತ್ತು ನಿಮಿಷ ಇಷ್ಟು ವರ್ಷವಾದರೂ ಮುಗಿದಿಲ್ಲ. ಓದುಗರು ನನ್ನ ನೆನಪನ್ನು ಧಾರಾಳವಾಗಿ ಅನುಮಾನಿಸಬಹುದು. ಮೊದಲು ಅನುಮಾನಿಸಿದವನು ನಾನೇ.

ಅದು ಅರವತ್ತರ ದಶಕದ ಮೊದಲ ಭಾಗ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ತರಬೇತಿ ಪಡೆದೆ. ಅಲ್ಲಿ ಕಾಲು ನಿಲ್ಲದೆ, ಮಧುಗಿರಿಯಲ್ಲಿ ಸ್ವಂತ ದವಾಖಾನೆ ನಡೆಸುತ್ತಿದ್ದ ಒಬ್ಬ ಡಾಕ್ಟರ ಬಳಿ ಬಂದು ಸೇರಿಕೊಂಡೆ. ವಯಸ್ಸಾದ, ಮಾತು ಕಡಿಮೆಯ ಮನುಷ್ಯ. ಮೈಯಲ್ಲಿ ಏನೂ ಕಾಣದಿದ್ದರೂ ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಬದುಕೇ ಬೇಡವೆನ್ನಿಸುತ್ತದೆ ಎನ್ನುವವರನ್ನು ಅವರು ನನ್ನ ಕೊಠಡಿಗೆ ಕಳಿಸುತ್ತಿದ್ದರು. ಹಾಗೆ ಬಂದವರ ಮಾತನ್ನು ಕೇಳುವುದು, ಬರೆದುಕೊಳ್ಳುವುದು, ಮತ್ತೆ ಮತ್ತೆ ಕರೆದು ಮಾತಾಡಿಸುವುದು ನನ್ನ ಕೆಲಸ. ವಾರಕ್ಕೊಂದು ದಿನ ಶಿರಾಕ್ಕೂ ತಿಂಗಳಿಗೊಮ್ಮೆ ಪಾವಗಡಕ್ಕೂ ಬಸ್ಸಿನಲ್ಲಿ ಹೋಗಿ ಅಲ್ಲಿಯೂ ಕೂರುತ್ತಿದ್ದೆ.

ದಾಖಲೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ರೋಗಿಗೊಂದು ನಂಬರು. ಹೆಸರುಗಳ ಪಟ್ಟಿ ಬೇರೆ, ಮಾತು ಬರೆದ ಪುಸ್ತಕ ಬೇರೆ. ದಾರದಲ್ಲಿ ಹೊಲಿದ, ಪುಟಗಳಿಗೆಲ್ಲ ನಾನೇ ಅಂಕಿ ಹಾಕಿದ ಗಟ್ಟಿ ರಟ್ಟಿನ ಪುಸ್ತಕ ಅದು. ಎರಡನ್ನೂ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗದ ಕೈಯನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ. ಶನಿವಾರ ಡಾಕ್ಟರು ನನ್ನೆದುರಿಗೇ ಕುಳಿತು ಪುಸ್ತಕ ಓದುವರು. ಅಪಾಯ ಎನ್ನಿಸಿದ ಮಾತಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುವರು. ಇಷ್ಟೇ ನಮ್ಮ ಪದ್ಧತಿ.

ಅದನ್ನು ಕೆಡಿಸಿದ್ದು ಶಿರಾದ ಜನ. ಅಲ್ಲಿ ನನಗೆ ಸಿಕ್ಕಿದ್ದ ಕೊಠಡಿಯ ಜಗಲಿಯ ಮೇಲೆ ಗನಿ ಸಾಹೇಬರೆಂಬ ಅರ್ಜಿ ಬರೆಯುವವರು ಕೂರುತ್ತಿದ್ದರು. ಜಮೀನಿನ ತಕರಾರು, ಪತ್ರ, ಅರ್ಜಿ ಎಂದು ಅವರ ಬಳಿ ಬರುವವರೇ ನನ್ನ ಬಳಿಗೂ ಬರುತ್ತಿದ್ದರು. ಅವರ ದೃಷ್ಟಿಯಲ್ಲಿ ನಾನೂ ಒಬ್ಬ ಅರ್ಜಿ ಬರೆಯುವವನೇ. ಮಾತು ಮುಗಿದ ಮೇಲೆ ಎದ್ದು ಹೋಗುತ್ತಿರಲಿಲ್ಲ. "ಏನ್ ಬರ್ಕೊಂಡ್ರಿ, ಒಸಿ ಓದಿ ಸಾರ್" ಎನ್ನುವರು. ಓದಿದ ಮೇಲೆ ಹೆಬ್ಬೆಟ್ಟು ಮುಂದೆ ಚಾಚುವರು. ಇದು ಔಷಧಿಯ ಪುಸ್ತಕ, ಸಹಿ ಬೇಡ ಎಂದು ಒಬ್ಬ ಮುದುಕನಿಗೆ ಹೇಳಿದೆ. "ಸೈ ಇಲ್ದಿದ್ ಮೇಲೆ ನಂದು ಅಂತ ಹೆಂಗ್ ಗೊತ್ತಾಗ್ತದೆ? ನಾಳೆ ನೀವು ಇನ್ನೊಬ್ರ ಕಾಯ್ಲೆ ನನ್ ತಲೆಗೆ ಕಟ್ಬುಟ್ರೆ?" ಎಂದು ಅವನು ಕೂತೇ ಬಿಟ್ಟ. ಗನಿ ಸಾಹೇಬರು ಹೊರಗಿನಿಂದಲೇ ನಗುತ್ತ ಇಂಕಿನ ಪ್ಯಾಡು ಕಳಿಸಿದರು.

ಸಹಿ ಮಾಡಿದವರು ಮನಸ್ಸು ಬಿಚ್ಚಿ ಮಾತಾಡುವುದನ್ನು ಕಂಡು ನಾನೂ ಒಪ್ಪಿಕೊಂಡೆ. ಓದಿ ಹೇಳಬೇಕಾಗಿದ್ದರಿಂದ ಇಂಗ್ಲಿಷ್ ಬಿಟ್ಟು ಅವರ ಮಾತಿನಲ್ಲೇ ಬರೆಯತೊಡಗಿದೆ. ಮಧುಗಿರಿಯಲ್ಲೂ ಅದೇ ರೂಢಿಯಾಯಿತು. ಹೆಸರು ಮರೆಮಾಡಲೆಂದು ನಂಬರು ಹಾಕಿದ ಪುಟದ ಕೆಳಗೇ ರೋಗಿಯ ಸಹಿ ಬೀಳುತ್ತಿದೆಯಲ್ಲ ಎಂಬುದು ನನ್ನಂಥ ಕಟ್ಟುನಿಟ್ಟಿನವನಿಗೆ ಹೊಳೆಯಲೇ ಇಲ್ಲ.

ಆಗ ಬಂದವಳು ಜಯಮ್ಮ. ಹೆಸರು ಬದಲಿಸಿದ್ದೇನೆ. ಹೊಳವನಹಳ್ಳಿಯ ತವರಿನಲ್ಲಿ ಬಾಣಂತಿ. ಗಂಡನ ಮನೆ ಪಾವಗಡದ ಕಡೆ, ವೈ.ಎನ್.ಹೊಸಕೋಟೆ. ಮದುವೆಗೆ ಮೊದಲು ತವರೂರಿನಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ಊಟ ನಿದ್ದೆ ಬಿಟ್ಟಿದ್ದಳು. ಮಗುವನ್ನು ನೋಡಲು ಬಂದಿದ್ದ ಗಂಡನೇ ಅವಳನ್ನು ಮಧುಗಿರಿಗೆ ಕರೆತಂದಿದ್ದ. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಾಗಿಲು ಮುಂದೆ ಮಾಡಿದೆ. ಬಹಳ ಹೊತ್ತಿನ ಮೇಲೆ ಅವಳು ಹೇಳಿದ್ದು ಇದು: "ಮಗೀನ ಬಾವೀಗ್ ಹಾಕ್ಬುಡು ಅಂತ ಒಳಗಿಂದ ಯಾರೋ ಅಂದಂಗಾಗ್ತದೆ ಸಾರ್. ಎತ್ಕೊಂಡ್ರೆ ಕೈ ಎಲ್ಲಿ ಹೋಗ್ಬುಡ್ತದೋ ಅಂತ ಭಯ."

ಬಾಣಂತಿಯರಲ್ಲಿ ಇದು ಬರುವ ಕಾಯಿಲೆ, ವಾಸಿಯಾಗುವ ಕಾಯಿಲೆ. ಅಕ್ಷರ ಬಿಡದೆ ಬರೆದುಕೊಂಡೆ. ರೂಢಿಯಂತೆ ಓದಿ ಹೇಳಿದೆ. ಅವಳು ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಶನಿವಾರ ಡಾಕ್ಟರು ಆ ಮಾತಿನ ಕೆಳಗೆ ಕೆಂಪು ಗೆರೆ ಎಳೆದು, ಮರುದಿನವೇ ಅವಳ ತಾಯಿಯನ್ನು ಕರೆಸಿ ಬಾವಿಯ ಬಗ್ಗೆ ಎಚ್ಚರಿಕೆ ಹೇಳಿದರು. ಔಷಧಿಯೂ ನಡೆಯಿತು, ಮಾತೂ ನಡೆಯಿತು. ನಾಲ್ಕೈದು ತಿಂಗಳಲ್ಲಿ ಜಯಮ್ಮ ಸಂಪೂರ್ಣ ಗುಣವಾದಳು. ಇದು ನನ್ನ ಹೆಮ್ಮೆಯ ಕೇಸು.

ಎರಡು ವರ್ಷವಾದ ಮೇಲೆ ಅವಳ ಗಂಡನ ಅಣ್ಣ ಪಾವಗಡದ ವಕೀಲರೊಬ್ಬರ ಕಾಗದ ಹಿಡಿದು ಬಂದ. ಗುಣವಾದ ಮೇಲೂ ಅವಳನ್ನು ತವರಿನಿಂದ ಕರೆದೊಯ್ಯದೆ, ತಮ್ಮನಿಗೆ ಬೇರೆ ಸಂಬಂಧ ನೋಡಿದ್ದರು. ಹೊಸ ಕಾಯಿದೆ ಬಂದ ಮೇಲೆ ಇದ್ದ ಹೆಂಡತಿಯನ್ನು ಬಿಡದೆ ಇನ್ನೊಬ್ಬಳನ್ನು ತರುವಂತಿರಲಿಲ್ಲ. ಹೆಂಡತಿಗೆ ಹುಚ್ಚು ಎಂದು ತೋರಿಸಿದರೆ ಮದುವೆಯೂ ಮುರಿಯುತ್ತದೆ, ಗಂಡುಮಗುವೂ ತಮ್ಮ ಕೈಗೆ ಬರುತ್ತದೆ ಎಂಬುದು ಅವರ ಲೆಕ್ಕಾಚಾರ.

"ಆಯಮ್ಮ ಹೇಳಿದ್ನ ನೀವು ಗಟ್ಟಿಯಾಗಿ ಓದಿದ್ರಿ ಸ್ವಾಮಿ. ನನ್ ತಮ್ಮ ಹೊರಗ್ ಕುಂತು ಕೇಳವ್ನೆ. ಸೈನೂ ಹಾಕವ್ಳೆ. ನಕಲು ಕೊಟ್ಬುಡಿ, ಅಷ್ಟೇ ಸಾಕು" ಎಂದ ಅವನು. ಬಾಗಿಲು ಮುಂದೆ ಮಾಡಿದ್ದೆನೇ ಹೊರತು ದನಿ ತಗ್ಗಿಸಿರಲಿಲ್ಲ.

ಡಾಕ್ಟರು ಹಿಂದೆಮುಂದೆ ನೋಡಿದರು. ಒಪ್ಪಿಸಿದವನು ನಾನೇ. ಕೊಡುವುದಾದರೆ ಪೂರ್ತಿ ಕೊಡೋಣ, ಅವಳು ಗುಣವಾದದ್ದೂ ಅದರಲ್ಲೇ ಇದೆ, ದಾಖಲೆ ನಿಜ ಹೇಳುತ್ತದೆ, ನಿಜದಿಂದ ಯಾರಿಗೂ ಕೇಡಿಲ್ಲ ಎಂದು ವಾದಿಸಿದೆ. ವಾದದಲ್ಲಿ ಗೆಲ್ಲುವುದು ಆಗ ನನಗೆ ಅಭ್ಯಾಸವಾಗಿಬಿಟ್ಟಿತ್ತು. ನಾಳೆ ಬನ್ನಿ ಎಂದು ಡಾಕ್ಟರು ಅವನನ್ನು ಕಳಿಸಿದರು.

ಸುದ್ದಿ ಹೇಗೆ ಮುಟ್ಟಿತೋ, ಅದೇ ಸಂಜೆ ಜಯಮ್ಮ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಂದಳು. ಬೆಂಚಿನ ಮೇಲೆ ಕೂತವಳು ಒಳಗೆ ಬರಲಿಲ್ಲ.

"ಆ ಪುಸ್ತಕ ಕೊಡ್ಬೇಡಿ ಸಾರ್. ಮಗೀನ ಕಿತ್ಕೊಂಡ್ ಹೋಗ್ತಾರೆ."

ದಾಖಲೆಯನ್ನು ಬಚ್ಚಿಡಲಾಗದು, ತಿದ್ದಲಂತೂ ಆಗದು ಎಂದು ವಿವರಿಸಿದೆ.

"ಅದು ನಾನ್ ಆಡಿದ್ ಮಾತಲ್ವಾ ಸಾರ್? ನಿಮ್ದು ಹೆಂಗಾಗ್ತದೆ?" ಎಂದಳು.

ಅದಕ್ಕೂ ನನ್ನ ಬಳಿ ಉತ್ತರವಿತ್ತು, ಉದ್ದವಾಗಿಯೇ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ಮಗು ನಿದ್ದೆ ಹೋಗಿತ್ತು. ಹೆಗಲಿಗೆ ಹಾಕಿಕೊಂಡು ಎದ್ದು ಹೋದಳು. ಆ ಸಂಜೆ ಬೀರು ಅವಳ ಕಣ್ಣಿಗೂ ಬಿದ್ದಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆ, ಕಿಟಕಿಯಿಂದ ಬಿಸಿಲು ಮೇಜಿನ ಮೇಲೇ ಬೀಳುತ್ತಿತ್ತು. ಡಾಕ್ಟರು, ಆ ಅಣ್ಣ, ನಾನು, ಮೂವರೇ. ಬೀಗ ತೆಗೆದು, ಪಟ್ಟಿಯಲ್ಲಿ ನಂಬರು ನೋಡಿ, ಪುಟ ತೆರೆದು ಗಟ್ಟಿಯಾಗಿ ಓದಲು ಶುರು ಮಾಡಿದೆ. ನಿದ್ದೆಯಿಲ್ಲ ಎಂಬ ಮಾತಿತ್ತು. ಊಟ ಸೇರುವುದಿಲ್ಲ ಎಂಬುದಿತ್ತು. ಮುಂದಿನ ಸಾಲು ಬಾಯಿಗೆ ಬಂದೇ ಬಿಟ್ಟಿತ್ತು, ಆದರೆ ಕಣ್ಣಿಗೆ ಬೇರೆಯೇ ಕಂಡಿತು: "ಮಗೀಗೆ ಹಾಲು ಸಾಲ್ತದೆ. ನನ್ ಮುಖ ಕಂಡ್ರೆ ನಗ್ತದೆ. ಅದೊಂದೇ ಸಮಾಧಾನ." ನನ್ನದೇ ಅಕ್ಷರ. ಅದರ ಕೆಳಗೆ ಕೆಂಪು ಗೆರೆ. ಅದರ ಕೆಳಗೆ ಜಯಮ್ಮನ ಸಹಿ.

ಹಿಂದಿನ ಪುಟ, ಮುಂದಿನ ಪುಟ, ಇಡೀ ಪುಸ್ತಕ ತಿರುವಿದೆ. ಬಾವಿ ಎಂಬ ಮಾತೇ ಎಲ್ಲೂ ಇಲ್ಲ. ಅಂಕಿಗಳು ಸರಿಯಾಗಿದ್ದವು, ದಾರ ಸಡಿಲವಾಗಿರಲಿಲ್ಲ.

"ಏಮಿ ಸ್ವಾಮಿ ಇದಿ! ನಾಟಕ ಆಡ್ತೀರಾ? ಬೇರೆ ಪುಸ್ತಕ ತೆಗೀರಿ" ಎಂದು ಅಣ್ಣ ತೆಲುಗು ಬೆರೆಸಿ ಕೂಗಾಡಿದ. ಅವಳ ಮಾತು ಬರೆದ ಬೇರೆ ಪುಸ್ತಕವಿರಲಿಲ್ಲ. ಡಾಕ್ಟರು ಅದನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಕೆಂಪು ಗೆರೆಯನ್ನೇ ನೋಡುತ್ತ ಕುಳಿತರು. ಅವನು ನಕಲು ಬರೆಸಿಕೊಂಡು, ಬೈಯುತ್ತ ಹೋದ ಮೇಲೆ ಅವರು ಮೆಲ್ಲಗೆ ಕೇಳಿದರು: "ಹಾಲು ಸಾಲುತ್ತೆ ಅನ್ನೋದಕ್ಕೆ ನಾನ್ಯಾಕಯ್ಯ ಗೆರೆ ಎಳೀಲಿ?"

ಆ ನಕಲಿನಿಂದ ಅವರಿಗೆ ಏನೂ ಉಪಯೋಗವಾಗಲಿಲ್ಲ. ವಕೀಲರು ಕೈಬಿಟ್ಟರು. ಮಗು ತಾಯಿಯ ಬಳಿಯೇ ಉಳಿಯಿತು.

ನಾನು ಸುಮ್ಮನಿರುವ ಜಾತಿಯವನಲ್ಲ. ಮುಂದಿನ ವಾರ ಪುಸ್ತಕವನ್ನು ಶಿರಾಕ್ಕೆ ಒಯ್ದು, ಸಹಿಯ ಮೇಲೆ ಚೀಟಿ ಅಂಟಿಸಿ, ಗನಿ ಸಾಹೇಬರ ಮುಂದಿಟ್ಟೆ. ಕಳ್ಳ ಪತ್ರಗಳನ್ನು ಹಿಡಿಯುವುದರಲ್ಲಿ ಅವರು ಎತ್ತಿದ ಕೈ. ಪುಟವನ್ನು ಬಿಸಿಲಿಗೆ ಹಿಡಿದರು, ಬೆರಳಿನಿಂದ ಸವರಿದರು, ಮೂಸಿಯೂ ನೋಡಿದರು.

"ಕೆರೆದ ಕಾಗದ ಬೆಳಕಿಗೆ ಹಿಡುದ್ರೆ ತೆಳ್ಳಗೆ ಕಾಣ್ತದೆ ಸಾಬ್. ಇದು ಅಸಲ್. ಒಂದೇ ಕೈ, ಒಂದೇ ಇಂಕು, ಒಂದೇ ಸಲ ಕುಂತು ಬರ್ದಿರೋದು. ನೀವೇ ಬರ್ದು ನೀವೇ ಮರ್ತಿದೀರ. ನಿಮ್ ಯೂನಿವರ್ಸಿಟೀಲಿ ಅದಕ್ಕೂ ಒಂದು ಪಾಠ ಇರ್ಬೇಕಲ್ಲ?"

ಇತ್ತು. ಅದೇ ಪಾಠವನ್ನು ನನಗೆ ನಾನೇ ಹೇಳಿಕೊಂಡೆ. ನಾನು ಆ ಮಾತನ್ನು ಬರೆಯಲೇ ಇಲ್ಲ. ಕೇಳಿ, ಓದಿದಂತೆ ಮಾಡಿ, ಬರೆದೆನೆಂದು ಭ್ರಮಿಸಿದೆ. ಡಾಕ್ಟರಿಗೆ ಬಾಯಿಮಾತಿನಲ್ಲಿ ಹೇಳಿದ್ದೆ, ಅವರು ಓದಿದೆನೆಂದುಕೊಂಡರು. ಗೆರೆ ಅವಸರದಲ್ಲಿ ತಪ್ಪು ಸಾಲಿಗೆ ಬಿತ್ತು. ಒಂದೊಂದಾಗಿ ನೋಡಿದರೆ ಎಲ್ಲವೂ ಸಾಧ್ಯ. ಆದರೆ ಅಂದು ಜಯಮ್ಮ ಹಾಲಿನ ಮಾತನ್ನು, ನಗುವಿನ ಮಾತನ್ನು ಆಡಿದ ನೆನಪು ನನಗೆ ಎಳ್ಳಷ್ಟೂ ಇಲ್ಲ. ಆಡದ ಮಾತನ್ನು ನಾನೇಕೆ ಬರೆದೆ?

ಕೇಳಬೇಕಾದವಳು ಒಬ್ಬಳೇ ಉಳಿದಿದ್ದಳು. ಹೊಳವನಹಳ್ಳಿಗೆ ಹೋದೆ. ಹಿತ್ತಿಲ ಬಾವಿಯ ಬಾಯಿಗೆ ಹಲಗೆ ಹೊಡೆಸಿ, ಒಂದು ಕೊಡ ಇಳಿಯುವಷ್ಟೇ ಜಾಗ ಬಿಟ್ಟಿದ್ದರು. ಡಾಕ್ಟರು ಕರೆಸಿ ಹೇಳಿದ ವಾರವೇ ಹೊಡೆಸಿದ್ದು ಎಂದರು ಅವಳ ತಾಯಿ. ಜಯಮ್ಮ ಅಕ್ಕಿ ಆರಿಸುತ್ತಿದ್ದಳು. ಮಗು ಮೊರದಿಂದ ಕಾಳು ತೆಗೆದು ಚೆಲ್ಲುತ್ತಿತ್ತು. ನಡೆದುದನ್ನೆಲ್ಲ ಹೇಳಿ, ಅಂದು ನೀನು ನಿಜವಾಗಿ ಏನು ಹೇಳಿದೆ, ನಾನು ಏನು ಓದಿದೆ ಎಂದು ಕೇಳಿದೆ.

"ಬಾವಿ ಮಾತೇ ಹೇಳಿದ್ದು ಸಾರ್. ನೀವು ಬರ್ದ್ರಿ, ಓದಿದ್ರಿ. ಅದ್ರ ಕೆಳಗೇ ನಾನು ಸೈ ಹಾಕಿದ್ದು."

"ಹಾಲು ಸಾಲುತ್ತೆ ಅಂತ?"

"ಆಗ ಎಲ್ಲಿತ್ತು ಸಾರ್ ಹಾಲು? ಹಸೂನ್ ಹಾಲು ಹಾಕಿ ಸಾಕಿದ್ದು."

ಆ ಬಾವಿಯ ಮಾತು ಈಗ ಪುಸ್ತಕದಲ್ಲಿ ಇಲ್ಲವಲ್ಲಮ್ಮ ಎಂದೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಒಂದು ಕಲ್ಲು ಆರಿಸಿ ಆಚೆ ಹಾಕಿ, ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

"ಇದ್ದಿದ್ರೆ ಕೊಟ್ಬುಡ್ತಿದ್ರಿ, ಅಲ್ವಾ ಸಾರ್?"

ಪುಟದ ವಿಷಯ ನನಗೆ ಇಂದಿಗೂ ಬಗೆಹರಿದಿಲ್ಲ. ಅವಳ ಪ್ರಶ್ನೆಯಲ್ಲಿ ಅಂಥ ತೊಡಕೇನೂ ಇರಲಿಲ್ಲ. ಉತ್ತರ ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮಗು ನನ್ನ ಕಡೆಗೆ ಒಂದು ಹಿಡಿ ಅಕ್ಕಿ ಚಾಚಿತು. ಅದನ್ನು ಕೈಯೊಡ್ಡಿ ತೆಗೆದುಕೊಂಡು, ಮತ್ತೆ ಮೊರಕ್ಕೆ ಹಾಕಿದೆ.